ಟಾಮ್ ವಿಲ್ಸ್: ಎರಡು ದಾಖಲೆಗಳು ಮತ್ತು ಒಂದು ಬಿರುದು

ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಚರಿತ್ರೆಯಲ್ಲಿ ಟಾಮ್ ವಿಲ್ಸ್ (1835–1880) ಎಂಬ ಹೆಸರಿಗೆ 'ಜನಕ' ಎಂಬ ಬಿರುದು ಅಂಟಿಕೊಂಡೇ ಬರುತ್ತದೆ. ಅದಕ್ಕೆ ಮುಖ್ಯ ಆಧಾರ ಎರಡು ದಾಖಲೆಗಳು: 1858ರ ಜುಲೈ 10ರಂದು ಮೆಲ್ಬರ್ನ್‌ನ 'ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ' ಪತ್ರಿಕೆಯಲ್ಲಿ ಅಚ್ಚಾದ ಅವನ ಪತ್ರ, ಮತ್ತು 1859ರ ಮೇ 17ರಂದು ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ ಬರೆದಿಟ್ಟ ಹತ್ತು ನಿಯಮಗಳು. ಆಟಕ್ಕೆ ಚಾಲನೆ ಕೊಟ್ಟವನು ವಿಲ್ಸ್. ಅದಕ್ಕೆ ಬಂದ ರೂಪ ಮಾತ್ರ ಬಹುಮಟ್ಟಿಗೆ ಅವನ ಸಲಹೆಯನ್ನು ಒಪ್ಪದವರದು ಎಂಬುದು ಈ ಲೇಖನದ ವಾದ.

ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿದ ವಿಲ್ಸ್ ಬೆಳೆದದ್ದು ವಿಕ್ಟೋರಿಯಾದ ಪಶ್ಚಿಮದ ಗ್ರಾಂಪಿಯನ್ಸ್ ಬೆಟ್ಟಗಳ ಬಳಿ, ತಂದೆ ಹೊರೇಷಿಯೊನ ಕುರಿ ಸಾಕಣೆಯ ಜಮೀನಿನಲ್ಲಿ. ನೆರೆಯ ಜಾಬ್ ವುರ್ರುಂಗ್ ಮಕ್ಕಳ ಜೊತೆ ಆಡುತ್ತಾ ಅವರ ಭಾಷೆಯನ್ನೂ ಕಲಿತ. 1850ರಲ್ಲಿ ಇಂಗ್ಲೆಂಡಿನ ರಗ್ಬಿ ಶಾಲೆಗೆ ಹೋಗಿ ಅಲ್ಲಿ ಕ್ರಿಕೆಟ್ ತಂಡದ ನಾಯಕನಾದ. 1856ರ ಕೊನೆಗೆ ಹಿಂತಿರುಗಿದ.

1858ರ ಪತ್ರವನ್ನು ಕ್ರಿಕೆಟಿಗನ ಪತ್ರವೆಂದೇ ಓದಬೇಕು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗದಿರಲೆಂದು ಫುಟ್‌ಬಾಲ್ ಕ್ಲಬ್ ಕಟ್ಟಿ, ಸಮಿತಿಯೊಂದು ನಿಯಮ ರೂಪಿಸಲಿ ಎಂಬುದು ಅದರ ಬೇಡಿಕೆ. ಅದು ಆಗದಿದ್ದರೆ ಬಂದೂಕು ಹೊಡೆಯುವ ಕ್ಲಬ್ಬಾದರೂ ಆಗಲಿ ಎಂದೂ ಬರೆಯುತ್ತಾನೆ! ಹೊಸ ಆಟದ ಕನಸು ಕಂಡವನ ಧಾಟಿ ಇದಲ್ಲ. ಆಗಸ್ಟ್ 7ರಂದು ಸ್ಕಾಚ್ ಕಾಲೇಜ್ ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳ ನಡುವೆ ಶುರುವಾದ ಪ್ರಸಿದ್ಧ ಪಂದ್ಯದಲ್ಲಿ ಅವನು ಇಬ್ಬರು ಅಂಪೈರ್‌ಗಳಲ್ಲಿ ಒಬ್ಬ.

ಮುಂದಿನ ವರ್ಷ ನಿಯಮ ಬರೆದ ಸಭೆಯಲ್ಲಿ ಅವನೊಂದಿಗೆ ಕೂತವರು ಕ್ಲಬ್ಬಿನ ಹ್ಯಾಮರ್ಸ್ಲಿ, ಥಾಂಪ್ಸನ್ ಮತ್ತು ಸ್ಮಿತ್. ವಿಲ್ಸ್ ಮುಂದಿಟ್ಟ ರಗ್ಬಿ ನಿಯಮಗಳು ಉಳಿದವರಿಗೆ ಹಿಡಿಸಲಿಲ್ಲವೆಂದು ಹ್ಯಾಮರ್ಸ್ಲಿ ಮುಂದೆ ನೆನಪಿಸಿಕೊಂಡಿದ್ದಾನೆ. ನಿಯಮಗಳು ಇದಕ್ಕೆ ಸಾಕ್ಷಿ. ಎದುರಾಳಿಯ ಕಾಲಿಗೆ ಒದೆಯುವಂತಿಲ್ಲ, ಚೆಂಡನ್ನು ಎಸೆಯುವಂತಿಲ್ಲ, ನೆಲದ ಮೇಲಿರುವಾಗ ಎತ್ತಿಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಗ್ಬಿಯ ಬೆನ್ನೆಲುಬಾಗಿದ್ದ ಆಫ್‌ಸೈಡ್ ನಿಯಮವೇ (ಚೆಂಡಿಗಿಂತ ಮುಂದೆ ನಿಂತವನು ಆಡಬಾರದೆಂಬುದು) ಇಲ್ಲಿಲ್ಲ. ಇಂದಿಗೂ ಈ ಆಟವನ್ನು ಬೇರೆ ಹಲವು ಫುಟ್‌ಬಾಲ್‌ಗಳಿಂದ ಪ್ರತ್ಯೇಕಿಸುವ ಲಕ್ಷಣಗಳಲ್ಲಿ ಇದೂ ಒಂದು.

ಬಿರುದಿನ ಇತಿಹಾಸವೂ ಇದನ್ನೇ ಹೇಳುತ್ತದೆ. 1866ರಲ್ಲಿ ನಿಯಮಗಳನ್ನು ಪರಿಷ್ಕರಿಸಿದ ಹ್ಯಾರಿಸನ್‌ನನ್ನು ಅವನ ಕಾಲದವರು ಫುಟ್‌ಬಾಲ್‌ನ ಪಿತಾಮಹನೆಂದು ಕರೆದಿದ್ದರು. ಆತ ವಿಲ್ಸ್‌ನ ಅತ್ತೆಯ ಮಗ. ವಿಲ್ಸ್‌ನ ತಂಗಿ ಎಮಿಲಿಯನ್ನೇ ಮದುವೆಯಾದವನು. ವಿಲ್ಸ್‌ಗೆ ಈ ಪಟ್ಟ ಬಂದದ್ದು ತೀರ ಈಚೆಗೆ.

ಜೀವನದ ಉಳಿದ ಭಾಗ ಕ್ರೂರವಾದದ್ದು. 1861ರ ಅಕ್ಟೋಬರ್ 17ರಂದು ಕ್ವೀನ್ಸ್‌ಲ್ಯಾಂಡ್‌ನ ಕಲಿನ್-ಲಾ-ರಿಂಗೊದಲ್ಲಿ ಮೂಲನಿವಾಸಿಗಳು ಹೊರೇಷಿಯೊ ಸೇರಿ 19 ವಲಸಿಗರನ್ನು ಕೊಂದರು. ಸಾಮಗ್ರಿ ತರಲು ಹೋಗಿದ್ದ ಟಾಮ್ ಉಳಿದುಕೊಂಡ. ಪ್ರತೀಕಾರದಲ್ಲಿ ಸತ್ತ ಮೂಲನಿವಾಸಿಗಳು ಇದರ ಎಷ್ಟೋ ಪಟ್ಟು. ಆದರೂ 1866ರ ಡಿಸೆಂಬರ್ 26ರಂದು ಮೂಲನಿವಾಸಿಗಳ ಕ್ರಿಕೆಟ್ ತಂಡದ ನಾಯಕನಾಗಿ ಅವನೇ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕಿಳಿದ. ಜಿಲಾಂಗ್ ತಂಡದ ಪರ ಬಹುಕಾಲ ಫುಟ್‌ಬಾಲ್ ಆಡಿದ. ಕುಡಿತದಿಂದ ಜರ್ಜರಿತನಾಗಿ 1880ರ ಮೇ 2ರಂದು ಆತ್ಮಹತ್ಯೆ ಮಾಡಿಕೊಂಡ.

ವಿಲ್ಸ್‌ನ ಬಾಲ್ಯದ ಒಡನಾಟವನ್ನು ಹಿಡಿದು, ಆಸ್ಟ್ರೇಲಿಯನ್ ಫುಟ್‌ಬಾಲ್‌ಗೆ ಮೂಲನಿವಾಸಿಗಳ 'ಮಾರ್ನ್‌ಗ್ರುಕ್' ಎಂಬ ಆಟ ಪ್ರೇರಣೆಯೆಂದು ಹಲವರು ವಾದಿಸುತ್ತಾರೆ. ಪಾಸಮ್ ಪ್ರಾಣಿಯ ಚರ್ಮದ ಚೆಂಡಿನಿಂದ ಅಂಥ ಆಟವನ್ನು ಆ ಪ್ರದೇಶದಲ್ಲಿ ಆಡುತ್ತಿದ್ದುದನ್ನು ಜೇಮ್ಸ್ ಡಾಸನ್ 1881ರಲ್ಲಿ ವರ್ಣಿಸಿದ್ದಾನೆ. ಈ ಪ್ರೇರಣೆಯ ವಾದ ಮೋಹಕ ಮಿಥ್ಯೆ ಎಂದು ಇತಿಹಾಸಕಾರ್ತಿ ಗಿಲಿಯನ್ ಹಿಬಿನ್ಸ್ 2008ರಲ್ಲಿ ಬರೆದಾಗ ದೊಡ್ಡ ವಿವಾದವಾಯಿತು. ಎರಡೂ ಬಣದವರು ವಿಲ್ಸ್‌ನನ್ನೇ ಕೇಂದ್ರವಾಗಿಟ್ಟುಕೊಂಡು ಜಗಳಾಡಿದ್ದು ನನಗೆ ವಿಚಿತ್ರವೆನಿಸುತ್ತದೆ. ನಿಯಮ ಬರೆಯುವ ಹೊತ್ತಿಗೆ ಅವನ ಒಲವು ರಗ್ಬಿಯ ಕಡೆಗಿತ್ತು. ರಗ್ಬಿಯಿಂದ ಆಟ ದೂರ ಸರಿದಷ್ಟೂ ಅದು ಅವನಿಂದಲೂ ದೂರ ಸರಿಯಿತು. ಮೂಲನಿವಾಸಿಗಳ ಪ್ರಭಾವ ಇದ್ದದ್ದೇ ಆದರೆ, ಅದನ್ನು ಮೆಲ್ಬರ್ನ್‌ನ ಸಮಿತಿಯೊಳಗೆ ಹುಡುಕುವುದಕ್ಕಿಂತ ಪಶ್ಚಿಮ ವಿಕ್ಟೋರಿಯಾದ ಜಮೀನುಗಳಲ್ಲಿ, ಕೂಲಿಗೆ ದುಡಿಯುತ್ತಿದ್ದ ಮೂಲನಿವಾಸಿಗಳೂ ವಲಸಿಗರೂ ಒಂದೇ ಬಯಲಿಗೆ ಬಂದಿರಬಹುದಾದ ಕಡೆ ಹುಡುಕುವುದು ಹೆಚ್ಚು ಫಲಕಾರಿ.