ಗಂಜಿ ಬಿಡಿಸಿದ ನೀರು

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಎತ್ತಿಸಿದ ಅಮೃತೇಶ್ವರ ದೇವಾಲಯವನ್ನು ಕಾಣಹೋದವರು, ಜನ್ನ ಕವಿಯ ಶಾಸನಪದ್ಯಗಳನ್ನೂ ರೂವಾರಿ ಮಲ್ಲಿತಮ್ಮನ ಉಳಿಯ ಕೌಶಲವನ್ನೂ ಕೊಂಡಾಡಿ ಹಿಂದಿರುಗುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಆ ಶತಮಾನವೇ ಮಡಿವಾಳ ಮಾಚಯ್ಯನ ಶತಮಾನವೂ ಆಗಿತ್ತು. ಅವನಿಗೆ ಮುನ್ನವೇ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತು ವಚನವನ್ನು ನುಡಿದಿದ್ದನು. ಹೀಗಿದ್ದರೂ ನೇಯುವವರ ಮತ್ತು ಒಗೆಯುವವರ ಕಸುಬಿನ ಒಳಮರ್ಮಗಳತ್ತ ಶಾಸನಕವಿಗಳ ಗಮನ ಹರಿದದ್ದು ವಿರಳ.

ಅಂಥ ಮರ್ಮಗಳಲ್ಲಿ ಒಂದು ಗಂಜಿಯದು. ಹಾಸಿನ ಎಳೆಗಳು ಹಣಿಗೆಯ ಉಜ್ಜಾಟಕ್ಕೆ ಸಿಕ್ಕಿ ತುಂಡಾಗದಿರಲೆಂದು ನೇಕಾರನು ಅವುಗಳಿಗೆ ಗಂಜಿ ಹಚ್ಚಿ ಒಣಗಿಸುವನು. ಬಟ್ಟೆ ಮಗ್ಗದಿಂದ ಇಳಿದೊಡನೆ ಆ ಉಪಕಾರವೇ ಉಪದ್ರವವಾಗುತ್ತದೆ. ಗಂಜಿ ಕಚ್ಚಿಕೊಂಡ ಕೋರಾ ಬಟ್ಟೆ ನೀರನ್ನು ಹೀರದು, ಬಣ್ಣವನ್ನು ಸಮನಾಗಿ ಹಿಡಿಯದು. ಒಣಗಿ ಬಿಗಿದ ಗಂಜಿಯಾದರೋ ಬರಿಯ ಜಾಲಾಡುವಿಕೆಗೆ ಜಗ್ಗುವುದಿಲ್ಲ. ಆದಕಾರಣ ಬಟ್ಟೆಯನ್ನು ರಾತ್ರಿಯೆಲ್ಲ ನೆನೆಹಾಕುವರು. ಬೆಳಗಿನ ಹೊತ್ತಿಗೆ ನೀರು ಮಬ್ಬಾಗಿ, ಹುಳಿವಾಸನೆ ಹುಟ್ಟಿ, ಎಳೆಗಳ ಮೇಲಿನ ಬಿರುಸು ಲೋಳೆಯಾಗಿ ಜಾರುತ್ತಿರುತ್ತದೆ. ಆಮೇಲಷ್ಟೆ ಸವುಳು, ಉಬ್ಬೆ, ಒಗೆಯುವ ಕಲ್ಲು.

ಆ ರಾತ್ರಿಯ ದುಡಿಮೆಯಲ್ಲಿ ದೊಡ್ಡ ಪಾಲು ನೀರಿನಲ್ಲಿದ್ದ ಬ್ಯಾಕ್ಟೀರಿಯಗಳದು. ಗಂಜಿಯೆಂದರೆ ಪಿಷ್ಟ. ಪಿಷ್ಟದ ಅಣು ಸಹಸ್ರಾರು ಗ್ಲೂಕೋಸುಗಳು ಒಂದರ ಬೆನ್ನಿಗೊಂದು ಕೋದುಕೊಂಡ ಮಾಲೆ; ಅದು ಇಡಿಯಾಗಿ ಬ್ಯಾಕ್ಟೀರಿಯದ ಒಡಲನ್ನು ಹೊಗಲಾರದು. ಅದಕ್ಕಾಗಿ ಆ ಜೀವಿ ಅಮೈಲೇಸ್ ಎಂಬ ಕಿಣ್ವವನ್ನು ಹೊರಕ್ಕೆ ಸ್ರವಿಸುತ್ತದೆ; ಕಿಣ್ವವು ಮಾಲೆಯನ್ನು ನಡುನಡುವೆ ಕತ್ತರಿಸಿ ಮೊದಲು ಡೆಕ್ಸ್‌ಟ್ರಿನ್ನುಗಳನ್ನಾಗಿಯೂ ಮುಂದೆ ಮಾಲ್ಟೋಸ್ ಮೊದಲಾದ ಕಿರುಸಕ್ಕರೆಗಳನ್ನಾಗಿಯೂ ಮಾಡುತ್ತದೆ; ಇವು ನೀರಿನಲ್ಲಿ ಕರಗಿಹೋಗುತ್ತವೆ. ವಿಸ್ಮಯವೆಂದರೆ, ಹತ್ತಿಯ ನೂಲೂ ಗ್ಲೂಕೋಸಿನ ಸರಣಿಯೇ! ಆದರೆ ಅಲ್ಲಿಯ ಬೆಸುಗೆಯ ರೀತಿ ಬೇರೆ. ಅಮೈಲೇಸು ಅದನ್ನು ಮುಟ್ಟಲಾರದು. ಗಂಜಿ ಹೋಗಿ ಬಟ್ಟೆ ಉಳಿಯುವುದು ಈ ಭೇದದಿಂದಲೇ. ನೆನೆದ ಬಟ್ಟೆಯನ್ನು ಅರೆ ಒಣಗಿಸಿ ಮರೆತರೆ ಮಾತ್ರ ಬೂಷ್ಟು ಹಿಡಿದು ನೂಲೂ ಶಿಥಿಲವಾದೀತು.

ಮೊಳಕೆ ಬಂದ ಧಾನ್ಯದಲ್ಲಿ ಇಂಥದೇ ಶಕ್ತಿಯಿದೆಯೆಂದು ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ 1833ರಲ್ಲಿ ತೋರಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಗಿರಣಿಗಳು ಅಂಥ ಮೊಳಕೆಧಾನ್ಯದ, ಎಂದರೆ ಮಾಲ್ಟಿನ, ಸಾರದಿಂದ ಗಂಜಿ ಬಿಡಿಸತೊಡಗಿದವು. 1917ರಲ್ಲಿ ಬ್ವಾದೆ ಮತ್ತು ಎಫ್ರೋಂ ಎಂಬವರು ಬ್ಯಾಕ್ಟೀರಿಯಗಳಿಂದಲೇ ಅಮೈಲೇಸನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಈ ಕಿಣ್ವ ಮಾಲ್ಟಿನದಕ್ಕಿಂತ ಹೆಚ್ಚು ಬಿಸಿಯನ್ನು ತಾಳಬಲ್ಲದು. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಜಾತಿಯದಂತೂ ಕುದಿಯುವ ಮಟ್ಟದಲ್ಲಿಯೂ ದುಡಿಯುತ್ತದೆ. ಇದರಿಂದ ಒಂದು ರಾತ್ರಿಯ ಕೆಲಸ ಕೆಲವೇ ತಾಸುಗಳಿಗೆ, ಕೆಲವೆಡೆ ನಿಮಿಷಗಳಿಗೆ, ಇಳಿಯಿತು. ಇದನ್ನು ಹೊಸ ಶೋಧವೆನ್ನುವುದಕ್ಕಿಂತ ಹಳೆಯ ಆಳಿಗೆ ಕೊಟ್ಟ ಹೊಸ ನೇಮಕವೆನ್ನುವುದೇ ನನಗೆ ಸರಿಯೆನಿಸುತ್ತದೆ.

ಗಂಜಿ ಪೂರ್ತಿ ಬಿಟ್ಟಿತೇ ಎಂಬುದನ್ನು ಒಗೆಯುವವನು ಬೆರಳುಗಳ ನಡುವೆ ಬಟ್ಟೆಯನ್ನು ತಿಕ್ಕಿ ತಿಳಿಯುವನು. ಗಿರಣಿಯವನು ಅಯೋಡಿನ್ನಿನ ಒಂದು ಹನಿಯನ್ನು ತೊಟ್ಟಿಕ್ಕುವನು. ಕಡುನೀಲಿ ಮೂಡಿದರೆ ಪಿಷ್ಟ ಹಾಗೆಯೇ ಇದೆ. ನೇರಿಳೆಯೋ ಕೆಂಗಂದೋ ಆದರೆ ಅರ್ಧ ಕತ್ತರಿಸಿದೆ. ಅಯೋಡಿನ್ನಿನ ಹಳದಿಯೇ ನಿಂತರೆ ಥಾನು ಬಣ್ಣದ ತೊಟ್ಟಿಗೆ ಹೋಗಬಹುದು.