ಸ್ವಾಮಿಯ ಟೋಪಿ, ರಾಜಂನ ಅಪ್ಪ

ಇವತ್ತು ನಮ್ಮಲ್ಲಿ ತುಂಬಾ ಜನ ಚಿಕ್ಕವರಿದ್ದಾಗ ನೋಡಿದ ಒಂದು ಕಥೆಗೆ ವಾಪಸ್ ಹೋಗೋಣ. ಶಂಕರ್‌ನಾಗ್ ದೂರದರ್ಶನಕ್ಕಾಗಿ ಮಾಡಿದ ‘ಮಾಲ್ಗುಡಿ ಡೇಸ್’, ಅದರಲ್ಲೂ ಸ್ವಾಮಿಯ ಕಂತುಗಳು. ಮೊನ್ನೆ ರಾತ್ರಿ ಮೊಬೈಲ್‌ನಲ್ಲಿ ಒಂದಾದ ಮೇಲೊಂದು ಹಾಕ್ಕೊಂಡು ಕೂತೆ. ಒಂದೇ ಸಿನಿಮಾ ಥರ ನೋಡಿಸಿಕೊಂಡು ಹೋಯ್ತು.

ಮೊದಲ ನೋಟಕ್ಕೆ ಎಲ್ಲ ಹಾಗೇ ಇದೆ. ಆಗುಂಬೆಯ ಬೀದಿ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಆ ಗುನುಗು, ಮಾಸ್ಟರ್ ಮಂಜುನಾಥ್‌ನ ಕಣ್ಣು. ಕನ್ನಡದವರೇ ತುಂಬಿದ್ದ ತಂಡ, ಮಲೆನಾಡಿನ ಊರು, ಮಾತು ಮಾತ್ರ ಹಿಂದಿ. ಅರ್ಥ ಆಗದಿದ್ರೂ ನೋಡ್ತಿದ್ವಿ ಅಲ್ವಾ? ಆ ವಯಸ್ಸಿಗೆ ಕಲ್ಲು ಹೊಡೆಯೋದು, ಗಾಜು ಒಡೆಯೋದು ಅರ್ಥ ಆಗೋಕೆ ಭಾಷೆ ಬೇಕಿರಲಿಲ್ಲ.

ಈಗ ಅದೇ ಗಾಜಿನ ಹತ್ರ ನಿಲ್ಲೋಣ. ಆರ್.ಕೆ. ನಾರಾಯಣ್ ಅವರ ಮೂಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ. ಅದರಲ್ಲಿ ಈ ಗಲಾಟೆಗೆ ಒಂದು ತಾರೀಖು ಇದೆ: 1930ರ ಆಗಸ್ಟ್ 15. ಹೌದು, ಆಗಸ್ಟ್ 15! ಅದು ಸ್ವಾತಂತ್ರ್ಯದ ದಿನ ಆಗುತ್ತೆ ಅಂತ ಆಗ ಯಾರಿಗೂ ಗೊತ್ತಿಲ್ಲ, ಬರೀ ಕಾಕತಾಳೀಯ. ಆದ್ರೆ ಇಸವಿ ಹಾಗಲ್ಲ. ಆ ವರ್ಷ ಗಾಂಧಿ ದಂಡಿಗೆ ನಡೆದಿದ್ದರು, ಮೇ ತಿಂಗಳಲ್ಲಿ ಜೈಲು ಸೇರಿದ್ದರು. ಊರೂರಲ್ಲಿ ವಿದೇಶಿ ಬಟ್ಟೆ ಸುಡ್ತಿದ್ದರು. ಮಾಲ್ಗುಡಿಯಲ್ಲೂ ನದಿ ದಡದಲ್ಲಿ ಸಭೆ. ನಿನ್ನ ಟೋಪಿ ವಿದೇಶಿದು ಅಂತ ಯಾರೋ ಅಂದಿದ್ದೇ ತಡ, ಸ್ವಾಮಿ ಅದನ್ನ ಬೆಂಕಿಗೆ ಎಸೀತಾನೆ. ಮಾರನೇ ದಿನ ತನ್ನದೇ ಶಾಲೆಯ ಕಿಟಕಿಗೆ ಕಲ್ಲು. ಆಮೇಲೆ ಹೆಡ್‌ಮಾಸ್ಟರ್ ಬೆತ್ತ, ಆ ಶಾಲೆಯಿಂದ ಓಟ.

ಚಿಕ್ಕವನಿದ್ದಾಗ ಇದು ನನಗೆ ತುಂಟಾಟ. ಈಗ ಕಾಣೋದು, ಒಂದು ದೇಶದ ಸಿಟ್ಟು ಒಬ್ಬ ಹುಡುಗನ ಕೈಗೆ ಸಿಕ್ಕಿ ಏನಾಗುತ್ತೆ ಅನ್ನೋದು. ಅವನಿಗೆ ಪೂರ್ತಿ ಅರ್ಥ ಆಗಿಲ್ಲ, ಆದ್ರೂ ಏಟು ತಿಂದಿದ್ದು ಅವನೇ.

ಅಪ್ಪನ ಪಾತ್ರದಲ್ಲಿ ಗಿರೀಶ್ ಕಾರ್ನಾಡ್. ಆಗ ಅವರು ತೆರೆಗೆ ಬಂದ್ರೆ ಭಯ ಆಗ್ತಿತ್ತು. ಈಗ ನನ್ನ ಕಣ್ಣು ಅವರ ಮೇಲೇ. ವಕೀಲ, ಬ್ರಿಟಿಷರ ಕೋರ್ಟಿನಲ್ಲೇ ದುಡಿದು ತಿನ್ನೋ ಮನುಷ್ಯ. ಆದ್ರೂ ಮಿಷನ್ ಶಾಲೆಯ ಮೇಷ್ಟ್ರು ನಮ್ಮ ದೇವರನ್ನ ಹೀಯಾಳಿಸಿದಾಗ ಮಗನ ಕೈಲಿ ಹೆಡ್‌ಮಾಸ್ಟರ್‌ಗೆ ಖಾರವಾದ ಕಾಗದ ಕೊಟ್ಟು ಕಳಿಸ್ತಾನೆ.

ನಾನು ಪೂರ್ತಿ ತಪ್ಪಾಗಿ ನೆನಪಿಟ್ಟುಕೊಂಡಿದ್ದು ರಾಜಂನನ್ನ. ಒಳ್ಳೆ ಬಟ್ಟೆ, ಕ್ರಿಕೆಟ್ ಟೀಮು, ಶ್ರೀಮಂತ ಹುಡುಗ, ಇಷ್ಟೇ ನೆನಪಿತ್ತು. ಅವನಪ್ಪ ಪೊಲೀಸ್ ಅಧಿಕಾರಿ ಅನ್ನೋದು ತಲೆಗೇ ಹೋಗಿರಲಿಲ್ಲ. ಅಂದ್ರೆ ಸ್ವಾಮಿ ಯಾವ ಸರ್ಕಾರದ ವಿರುದ್ಧ ಟೋಪಿ ಸುಟ್ಟನೋ, ಅದೇ ಸರ್ಕಾರದ ಸಂಬಳದಲ್ಲಿ ಅವನ ಜೀವದ ಗೆಳೆಯನ ಮನೆ ನಡೀತಿದೆ. ಕೊನೆಗೆ ಅವರನ್ನ ಬೇರೆ ಮಾಡೋದೂ ಅದೇ ಸರ್ಕಾರದ ಒಂದು ವರ್ಗಾವಣೆ.

ಅದಕ್ಕೆ ಮುಂಚೆ ಸ್ವಾಮಿ ಮ್ಯಾಚ್ ತಪ್ಪಿಸಿಕೊಂಡಿದ್ದಾನೆ, ರಾಜಂ ಮಾತು ಬಿಟ್ಟಿದ್ದಾನೆ. ಹೊರಡೋ ದಿನ ಸ್ವಾಮಿ ಆಂಡರ್ಸನ್ ಕಥೆಗಳ ಪುಸ್ತಕ ಹಿಡ್ಕೊಂಡು ಸ್ಟೇಷನ್‌ಗೆ ಓಡ್ತಾನೆ. ಪುಸ್ತಕವೇನೋ ರಾಜಂ ಕೈ ಸೇರುತ್ತೆ. ಗೆಳೆಯ ಕ್ಷಮಿಸಿದನಾ, ಇಲ್ವಾ? ಚಿಕ್ಕವನಿದ್ದಾಗ ಕ್ಷಮಿಸಿದ ಅಂತಲೇ ನಂಬಿದ್ದೆ. ಮೊನ್ನೆ ಮತ್ತೆ ನೋಡಿದೆ, ಎರಡು ಸಲ. ರೈಲು ಹೋಯ್ತು. ಸ್ವಾಮಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.