ತನ್ನ ದನಿಗೆ ತಾನೇ ಜೊತೆ

ನಮ್ಮ ಸಂಗೀತ ಕಛೇರಿಗಳಲ್ಲಿ ಹಾಡುವವರು ಒಮ್ಮೊಮ್ಮೆ ಅಂಗೈಯನ್ನು ಕಿವಿಗೆ ಒತ್ತಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಅದು ಬರಿಯ ಅಭ್ಯಾಸವಲ್ಲ. ಮೃದಂಗ ಪಿಟೀಲುಗಳ ನಾದ ಸುತ್ತಲೂ ತುಂಬಿರುವಾಗ ತನ್ನ ದನಿ ತನಗೆ ಕೇಳಿಸಬೇಕು. ತಂಬೂರಿಯ ಶ್ರುತಿಯೂ ಕೇಳಿಸಬೇಕು. ಎರಡರಲ್ಲಿ ಒಂದು ಮುಳುಗಿದರೂ ಹಾಡು ಕೆಟ್ಟಿತು. ಶ್ರುತಿ ತಾಯಿ, ಲಯ ತಂದೆ ಎಂದು ನಮ್ಮ ಹಿರಿಯರು ಹೇಳುವರಷ್ಟೆ. ತಾಯಿತಂದೆಗಳ ಮಾತು ಕಿವಿಗೇ ಬೀಳದಿದ್ದರೆ ಮಗು ದಾರಿ ತಪ್ಪದೆ ಇನ್ನೇನಾದೀತು?

ಇಂದು ಅನೇಕ ಮನೆಗಳಲ್ಲಿ ಹುಡುಗರೂ ಹಿರಿಯರೂ ಒಂದು ಮೈಕು, ಒಂದು ಕಂಪ್ಯೂಟರು, ಕಿವಿಗೆ ಕವಿಚಿಕೊಳ್ಳುವ ಒಂದು ಹೆಡ್‌ಫೋನು ಇಷ್ಟನ್ನೇ ಇಟ್ಟುಕೊಂಡು ಹಾಡುಗಳನ್ನು ಮುದ್ರಿಸುತ್ತಿದ್ದಾರೆ. ಮೊದಲು ವಾದ್ಯವನ್ನು ಮುದ್ರಿಸಿ, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಅದರ ಮೇಲೆ ದನಿಯನ್ನು ಸೇರಿಸುವರು. ಇದಕ್ಕೆ ಓವರ್‌ಡಬ್ಬಿಂಗ್ ಎಂದು ಹೆಸರು. ನಾವು ಮೇಲ್ಮುದ್ರಣ ಎನ್ನೋಣ. ಈ ಕೆಲಸದಲ್ಲಿ ಹಳೆಯದು ಎಷ್ಟು ಕೇಳಿಸಬೇಕು, ತನ್ನದು ಎಷ್ಟು ಕೇಳಿಸಬೇಕು ಎಂಬ ತೂಕವೇ ಕಷ್ಟ. ಈ ಕಷ್ಟಕ್ಕೆ ಒಂದು ಚರಿತ್ರೆಯುಂಟು.

ಎಡಿಸನ್ನನು 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದ ಮೇಲೆ, ಸುಮಾರು 1925ರವರೆಗೆ ಧ್ವನಿಮುದ್ರಣಕ್ಕೆ ವಿದ್ಯುತ್ತಿನ ನೆರವಿರಲಿಲ್ಲ. ಒಂದು ದೊಡ್ಡ ಕಹಳೆಯ ಮುಂದೆ ಎಲ್ಲರೂ ಒಟ್ಟಿಗೆ ನಿಂತು ಹಾಡಬೇಕು, ನುಡಿಸಬೇಕು. ಜೋರಿನ ವಾದ್ಯದವರು ಹಿಂದೆ, ಮೆಲುದನಿಯವರು ಮುಂದೆ. ಆಗಿನ ತೂಕವೆಲ್ಲ ಹೆಜ್ಜೆಯ ಲೆಕ್ಕದಲ್ಲಿತ್ತು. ಆದರೆ ಒಬ್ಬರ ದನಿ ಒಬ್ಬರಿಗೆ ಕೇಳಿಸುತ್ತಿತ್ತು. ಗಾಯಕನು ತುಸು ನಿಧಾನಿಸಿದರೆ ವಾದ್ಯದವರೂ ನಿಧಾನಿಸುತ್ತಿದ್ದರು.

ಮೈಕು ಬಂದ ಮೇಲೆ ಇಲ್ಲದವರೊಡನೆಯೂ ನುಡಿಸುವ ಕಾಲ ಬಂತು. ಇಟಲಿಯ ಮಹಾಗಾಯಕ ಕರೂಸೋ 1921ರಲ್ಲಿ ತೀರಿಕೊಂಡನು. 1932ರಲ್ಲಿ ಅಮೆರಿಕದ ವಿಕ್ಟರ್ ಕಂಪೆನಿಯವರು ಅವನ ಹಳೆಯ ತಟ್ಟೆಗಳ ದನಿಗೆ ಹೊಸ ವಾದ್ಯಮೇಳವನ್ನು ಸೇರಿಸಿ ಮುದ್ರಿಸಿದರು. ಯೋಚಿಸಿ ನೋಡಿ: ಸತ್ತವನು ಹಾಡುತ್ತಾನೆ, ಬದುಕಿರುವವರು ಪಕ್ಕವಾದ್ಯ ನುಡಿಸುತ್ತಾರೆ. ಅವನು ಯಾರಿಗಾಗಿಯೂ ಕಾಯಲಾರ. ಬಗ್ಗುವ ಹೊಣೆಯೆಲ್ಲ ಇವರದೇ. ಮೇಲ್ಮುದ್ರಣದ ಮೂಲಧರ್ಮವೇ ಇದು.

1941ರ ಏಪ್ರಿಲ್ 18ರಂದು ಸಿಡ್ನಿ ಬೆಷೆ ಎಂಬ ಜಾಸ್ ವಾದಕನು ನ್ಯೂಯಾರ್ಕಿನಲ್ಲಿ ಇನ್ನೊಂದು ಸೋಜಿಗವನ್ನು ಮಾಡಿದನು. ಪಿಯಾನೋ, ಡೋಲು, ಮಂದ್ರದ ಬಾಸ್, ಎರಡು ಬಗೆಯ ಸ್ಯಾಕ್ಸಫೋನು, ಕ್ಲಾರಿನೆಟ್ಟು, ಹೀಗೆ ಆರು ವಾದ್ಯಗಳನ್ನು ತಾನೊಬ್ಬನೇ ಒಂದಾದ ಮೇಲೊಂದರಂತೆ ನುಡಿಸಿ ಒಂದೇ ಹಾಡಾಗಿ ಸೇರಿಸಿದನು. ಆಗ ಅಲ್ಲಿ ಟೇಪು ಬಳಕೆಗೆ ಬಂದಿರಲಿಲ್ಲ. ಒಂದು ತಟ್ಟೆಯ ನಾದವನ್ನೂ ಹೊಸ ವಾದ್ಯವನ್ನೂ ಕೂಡಿಸಿ ಮತ್ತೊಂದು ತಟ್ಟೆಯಲ್ಲಿ ಕೊರೆಯಬೇಕು. ಹೀಗೆ ಪ್ರತಿಸಲ ಕೊರೆದಾಗಲೂ ಮೊದಲಿನ ನಾದ ಮಸುಕಾಗುತ್ತ ಹೋಗುವುದು.

ಇದನ್ನು ಮನೆಯ ವಿದ್ಯೆಯನ್ನಾಗಿ ಮಾಡಿದವನು ಲೆಸ್ ಪಾಲ್. 1915ರಲ್ಲಿ ವಿಸ್ಕಾನ್ಸಿನ್ ಸೀಮೆಯ ವಾಕೆಶಾ ಎಂಬ ಊರಿನಲ್ಲಿ ಹುಟ್ಟಿದ ಗಿಟಾರ್ ವಾದಕ ಈತ. ಹಾಲಿವುಡ್ಡಿನ ತನ್ನ ಮನೆಯ ಮೋಟಾರು ಶೆಡ್ಡಿನಲ್ಲಿ ಮುದ್ರಣಶಾಲೆಯನ್ನು ಕಟ್ಟಿಕೊಂಡನು. ತಟ್ಟೆ ಕೊರೆಯುವ ಯಂತ್ರಕ್ಕೆ ಕ್ಯಾಡಿಲಾಕ್ ಕಾರಿನ ಗತಿಚಕ್ರವನ್ನು ಜೋಡಿಸಿದ್ದನಂತೆ. ಮನೆಯಲ್ಲೇ ಯಂತ್ರ ಕಟ್ಟುವ ಸಾಹಸ ಕನ್ನಡಿಗರಿಗೂ ಹೊಸದಲ್ಲ: ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದ್ದರಲ್ಲವೆ? ಲೆಸ್ ಪಾಲ್ 1948ರಲ್ಲಿ ಹೊರತಂದ ‘ಲವರ್’ ಎಂಬ ತಟ್ಟೆಯಲ್ಲಿ ಎಂಟು ಗಿಟಾರುಗಳು ಕೇಳುವುವು; ಎಂಟೂ ಅವನವೇ. ನಮ್ಮ ಅಷ್ಟಾವಧಾನಿಗಳು ಎಂಟು ಕಡೆಗೆ ಏಕಕಾಲದಲ್ಲಿ ಮನಸ್ಸು ಕೊಡುವಂತೆ, ಇವನು ಎಂಟು ಕಾಲಗಳಲ್ಲಿ ನುಡಿಸಿ ಒಂದೇ ಕಾಲದಲ್ಲಿ ಕೇಳಿಸಿದನು.

1949ರಲ್ಲಿ ಹೆಸರಾಂತ ಗಾಯಕ ಬಿಂಗ್ ಕ್ರಾಸ್ಬಿ ಅವನಿಗೆ ಆಂಪೆಕ್ಸ್ ಕಂಪೆನಿಯ ಟೇಪು ಯಂತ್ರವೊಂದನ್ನು ಕೊಟ್ಟನು. ಅದರಲ್ಲಿ ಅಳಿಸುವ, ಬರೆಯುವ, ಓದುವ ಮೂರು ‘ತಲೆ’ಗಳಿದ್ದುವು. ಲೆಸ್ ಪಾಲ್ ಅಳಿಸುವ ತಲೆಗಿಂತ ಮುಂಚೆ ಓದುವ ಇನ್ನೊಂದು ತಲೆಯನ್ನು ಕೂಡಿಸಿದನು. ಹಳೆಯ ನಾದವನ್ನು ಅಳಿಯುವ ಮೊದಲೇ ಓದಿಕೊಂಡು, ಹೊಸದರೊಡನೆ ಬೆರೆಸಿ, ಅದೇ ಟೇಪಿನ ಮೇಲೆ ಮರಳಿ ಬರೆಯುವ ಉಪಾಯವದು. ಅವನೂ ಅವನ ಹೆಂಡತಿ ಮೇರಿ ಫೋರ್ಡಳೂ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್ ಬಡಾವಣೆಯ ಮನೆಯಲ್ಲಿ ಹೀಗೆ ಮುದ್ರಿಸಿದ ‘ಹೌ ಹೈ ದ ಮೂನ್’ 1951ರಲ್ಲಿ ಒಂಬತ್ತು ವಾರ ಅಮೆರಿಕದ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಮೇರಿ ತನ್ನ ದನಿಗೆ ತಾನೇ ಅಕ್ಕತಂಗಿಯರಂತೆ ಜೊತೆಗೂಡಿ ಹಾಡುತ್ತಾಳೆ.

ಆದರೆ ಆ ಉಪಾಯದ ಅಪಾಯವನ್ನೂ ಗಮನಿಸಿ. ಹಾಡುವಾಗ ಕಿವಿಗೆ ಕೇಳಿದ ಬೆರಕೆಯೇ ಟೇಪಿನಲ್ಲಿ ಖಾಯಮ್ಮಾಗುತ್ತಿತ್ತು. ಹಳೆಯದು ಸ್ವಲ್ಪ ಮೆಲ್ಲಗಾದರೆ ಕಡೆಯವರೆಗೂ ಮೆಲ್ಲಗೆ. ಒಂದು ಕಡೆ ತಪ್ಪಿದರೆ ಹಳೆಯದೂ ಅಳಿದಿರುತ್ತದೆ, ಮೊದಲಿನಿಂದ ಆರಂಭಿಸಬೇಕು. ಆದ್ದರಿಂದಲೇ ಅವನು ಮುಖ್ಯವಲ್ಲದ ಭಾಗಗಳನ್ನು ಮೊದಲು ಮುದ್ರಿಸಿ, ಮುಖ್ಯವಾದುದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದನು.

ಹಾಗಾದರೆ ಬೇರೆ ಬೇರೆ ದನಿಗಳನ್ನು ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ಬರೆಯಬಾರದೆ? ಬರೆಯಬಹುದು, ಅಲ್ಲೊಂದು ತೊಡಕಿತ್ತು. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತದೆ ಎನ್ನಿ. ಬರೆಯುವ ತಲೆಗೂ ಓದುವ ತಲೆಗೂ ಒಂದೂವರೆ ಅಂಗುಲ ಅಂತರವಿದ್ದರೆ, ಓದುವ ತಲೆಯಿಂದ ಹಳೆಯದನ್ನು ಕೇಳಿ ಹಾಡಿದವನ ದನಿ ಟೇಪಿನ ಮೇಲೆ ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಂದೆ ಬೀಳುತ್ತದೆ. ತಾಳ ಕೆಡಲು ಅಷ್ಟು ಸಾಕು. 1955ರಲ್ಲಿ ಆಂಪೆಕ್ಸಿನ ರಾಸ್ ಸ್ನೈಡರ್ ಎಂಬವನು ಇದಕ್ಕೆ ಪರಿಹಾರವನ್ನು ಕಂಡನು: ಬರೆಯುವ ತಲೆಯಿಂದಲೇ ಹಳೆಯ ಪಟ್ಟಿಗಳನ್ನು ಓದಿಸಿ ಹೆಡ್‌ಫೋನಿಗೆ ಕಳುಹಿಸುವುದು. ಹಾಗೆ ಓದಿದ ನಾದ ಕೊಂಚ ಮಂಕಾಗಿರುತ್ತಿತ್ತು. ಆದರೆ ಕಾಲ ಸರಿಯಾಗಿತ್ತು. ಇದಕ್ಕೆ ‘ಸೆಲ್‌ಸಿಂಕ್’ ಎಂದು ಹೆಸರು. 1957ರಲ್ಲಿ ಎಂಟು ಪಟ್ಟಿಗಳ ಯಂತ್ರ ಲೆಸ್ ಪಾಲನ ಮನೆಗೆ ಬಂತು. ಬೆಲೆ 10,000 ಡಾಲರು.

ಈ ಚರಿತ್ರೆಯಲ್ಲಿ ಇಲ್ಲೇ ದೊಡ್ಡ ತಿರುವು. ಕೇಳುವ ತೂಕ ಬೇರೆ, ಮುದ್ರಿಸುವ ತೂಕ ಬೇರೆ ಆದುವು. ಹಾಡುವವನ ಅನುಕೂಲಕ್ಕೆ ತಾಳವನ್ನು ಎಷ್ಟು ಬೇಕಾದರೂ ಏರಿಸಿ ಕೇಳಿಸಬಹುದು. ಕೊನೆಯ ಬೆರಕೆಯನ್ನು ಸಾವಕಾಶವಾಗಿ ಆಮೇಲೆ ಮಾಡಿಕೊಳ್ಳಬಹುದು. 1979ರಲ್ಲಿ ಟೀಯಾಕ್ ಕಂಪೆನಿಯ ‘ಪೋರ್ಟಾಸ್ಟುಡಿಯೋ’ ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಪಟ್ಟಿಗಳನ್ನು ಕೊಟ್ಟಿತು. ಅನಂತರ ಕಂಪ್ಯೂಟರು ಬಂತು. ಹತ್ತು ಸಾವಿರ ಡಾಲರಿನ ವಿದ್ಯೆ ಮಧ್ಯಮವರ್ಗದ ಮೇಜಿಗಿಳಿಯಿತು.

ಅನುಕೂಲ ಹೆಚ್ಚಿದರೂ ಕಿವಿಯ ಸ್ವಭಾವ ಬದಲಾಗಲಿಲ್ಲ. 1911ರಲ್ಲಿ ಫ್ರಾನ್ಸಿನ ಎತಿಯೆನ್ ಲೊಂಬಾರ್ ಎಂಬ ವೈದ್ಯನು ಒಂದು ವಿಷಯವನ್ನು ಪ್ರಕಟಿಸಿದನು: ಕಿವಿಯಲ್ಲಿ ಗದ್ದಲ ತುಂಬಿದಾಗ ಮನುಷ್ಯನು ತನಗರಿವಿಲ್ಲದೆಯೇ ದನಿಯೇರಿಸುತ್ತಾನೆ. ಸಂತೆಯಲ್ಲಿ ನಿಂತು ಮಾತಾಡಿದವರೆಲ್ಲ ಇದನ್ನು ಬಲ್ಲರು. ಹೆಡ್‌ಫೋನಿನಲ್ಲಿ ವಾದ್ಯವನ್ನು ಜೋರಾಗಿಟ್ಟರೆ ಹಾಡುವವನು ಗಂಟಲನ್ನು ಬಿಗಿದು ಕೂಗುತ್ತಾನೆ. ತನ್ನ ದನಿಯನ್ನೇ ಜೋರಾಗಿಟ್ಟರೆ ಅಂಜಿದವನಂತೆ ಮೆಲ್ಲಗೆ ಹಾಡುತ್ತಾನೆ, ಜೀವ ಇಳಿದುಹೋಗುತ್ತದೆ. ಎರಡರಲ್ಲೂ ಶ್ರುತಿ ಸಡಿಲುವ ಭಯವುಂಟು.

ಇನ್ನು ಕಂಪ್ಯೂಟರಿನ ವಿಳಂಬ. ಅದು ನಾದವನ್ನು ಕಂತುಕಂತಾಗಿ ಸ್ವೀಕರಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ 256 ಮಾದರಿಗಳ ಒಂದು ಕಂತಿಗೆ ಸೆಕೆಂಡಿನ ಸಾವಿರದ ಐದು ಭಾಗಕ್ಕಿಂತ ತುಸು ಹೆಚ್ಚು ಹಿಡಿಯುವುದು. ಒಳಗೆ ಬರಲು ಒಂದು ಸಲ, ಹೊರಗೆ ಹೋಗಲು ಇನ್ನೊಂದು ಸಲ. ಸಾವಿರದ ಹತ್ತು ಭಾಗವೆಂದರೆ ಗಾಳಿಯಲ್ಲಿ ಶಬ್ದವು ಸುಮಾರು ಮೂರೂವರೆ ಮೀಟರು ಹೋಗುವಷ್ಟು ಕಾಲ. ಪಕ್ಕವಾದ್ಯದವನು ಹನ್ನೊಂದು ಅಡಿ ದೂರ ಕುಳಿತಂತೆ. ಅದನ್ನು ಸಹಿಸಬಹುದು. ಆದರೆ 1024 ಮಾದರಿಗಳ ಕಂತಾದರೆ ಅವನು ಹದಿನಾಲ್ಕು ಮೀಟರಿಗೂ ಆಚೆ ಹೋಗಿ ಕುಳಿತನೆಂದೇ ತಿಳಿಯಿರಿ. ಅಲ್ಲದೆ ಇಲ್ಲಿ ತಡವಾಗಿ ಬರುವುದು ನಿಮ್ಮ ದನಿಯೇ. ತನ್ನ ಮಾತು ತಡವಾಗಿ ಕಿವಿಗೆ ಬಿದ್ದರೆ ಒಳ್ಳೆಯ ಮಾತುಗಾರನೂ ತೊದಲುವನೆಂದು ಬರ್ನಾರ್ಡ್ ಲೀ ಎಂಬವನು 1950ರಲ್ಲಿ ತೋರಿಸಿದನು. ಆದುದರಿಂದಲೇ ಈಗಿನ ಅನೇಕ ಮುದ್ರಣ ಪೆಟ್ಟಿಗೆಗಳಲ್ಲಿ ಮೈಕಿನ ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಗುಂಡಿಯಿರುತ್ತದೆ. ಅದನ್ನು ಬಳಸುವಾಗ ಕಂಪ್ಯೂಟರಿನಿಂದ ಮರಳಿ ಬರುವ ನಿಮ್ಮ ದನಿಯನ್ನು ಮುಚ್ಚಿಡಿ. ಇಲ್ಲವಾದರೆ ಒಂದೇ ದನಿ ಎರಡಾಗಿ ಕೇಳೀತು.

ನಿಮ್ಮ ಮನೆಯಲ್ಲಿ ಇಂಥ ಕೆಲಸ ನಡೆಯುತ್ತಿದ್ದರೆ ಕ್ರಮವನ್ನು ಹೀಗೆ ಇಟ್ಟುಕೊಳ್ಳಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನನ್ನೇ ಆರಿಸಿ. ಸಂದಿಯಿದ್ದರೆ ತಾಳದ ಟಕಟಕ ಮೈಕಿಗೆ ಸೋರಿ, ಹಾಡು ಮೆಲ್ಲಗಾದ ಕಡೆಯಲ್ಲಿ ಹೊರಬೀಳುತ್ತದೆ. ಎಲ್ಲವನ್ನೂ ಕೆಳಗಿಳಿಸಿ ಆರಂಭಿಸಿ. ಮೊದಲು ಶ್ರುತಿಯನ್ನೂ ತಾಳವನ್ನೂ ಅನುಸರಿಸಲು ಬೇಕಾದಷ್ಟು ಏರಿಸಿ. ಆಮೇಲೆ ನಿಮ್ಮ ದನಿಯನ್ನು, ಸಾಧಾರಣವಾಗಿ ಹಾಡಿದಾಗ ಸ್ಪಷ್ಟವಾಗಿ ಕೇಳುವಷ್ಟು ಮಾತ್ರ. ಆಗಲೂ ಶ್ರುತಿ ನಿಲ್ಲದಿದ್ದರೆ ಒಂದು ಕಿವಿಯನ್ನು ಬಿಚ್ಚಿಕೊಂಡು ಹಾಡಿ ನೋಡಿ. ಬಿಚ್ಚಿದ ಕಡೆಯ ಹೆಡ್‌ಫೋನನ್ನು ಕೆನ್ನೆಗೋ ತಲೆಗೋ ಒತ್ತಿಟ್ಟುಕೊಂಡರೆ ಸೋರಿಕೆ ಕಡಮೆಯಾಗುವುದು.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಯಾವುದಾದರೂ ಕೇಳಿಸದಿದ್ದರೆ ಅದನ್ನು ಏರಿಸುವುದಕ್ಕೆ ಮೊದಲು, ಅದನ್ನು ಮುಚ್ಚುತ್ತಿರುವುದನ್ನು ಇಳಿಸಿ. ಒಂದೊಂದನ್ನೂ ಏರಿಸುತ್ತ ಹೋದರೆ ಗಂಟೆಯೊಳಗೆ ಎಲ್ಲವೂ ಮಿತಿ ಮೀರಿರುತ್ತದೆ. ದಣಿದ ಕಿವಿಗೆ ಅದು ತಿಳಿಯುವುದೂ ಇಲ್ಲ. ಹಿರಿಯರ ಕಿವಿಗೆ 80 ಡೆಸಿಬೆಲ್ ಶಬ್ದ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯವರು ಹಾಕಿರುವ ಗೆರೆ; ಮಕ್ಕಳಿಗೆ ಇನ್ನೂ ಕಡಮೆ. ತನ್ನ ಬಾಳನ್ನೆಲ್ಲ ಕಿವಿಯಿಂದಲೇ ಬದುಕಿದ ಲೆಸ್ ಪಾಲ್ ಮುಪ್ಪಿನಲ್ಲಿ ಶ್ರವಣಯಂತ್ರವನ್ನು ಧರಿಸಬೇಕಾಯಿತು. 2009ರಲ್ಲಿ, ತನ್ನ 94ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕೆಟ್ಟ ಮುದ್ರಣವನ್ನು ಅಳಿಸಿ ಮತ್ತೆ ಹಾಡಬಹುದು. ಕೆಟ್ಟ ಕಿವಿಯ ವಿಷಯದಲ್ಲಿ ಆ ಅನುಕೂಲವಿಲ್ಲ. ಮನೆಯಲ್ಲಿ ಹಾಡುವ ಮಕ್ಕಳಿಗೆ ರಾಗತಾಳಗಳ ಜೊತೆಗೆ ಇದನ್ನೂ ಹೇಳಿಕೊಡಿ.